ಕೂಸಿನೊಂದಿಗೆ ಕಾಸರಗೋಡಿಗೆ: ಮೊದಲು ಬಾವಿ, ಆಮೇಲೆ ತೊಟ್ಟಿಲು

ಪ್ರಶ್ನೆ: ನಾವು ವಿಜಯಪುರದವರು. ಪತಿಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ವರ್ಗವಾಗಿದೆ. ಮಗಳಿಗೆ ನಾಲ್ಕೂವರೆ ತಿಂಗಳು, ತೂಕ ಆರೂವರೆ ಕಿಲೋ, ಎದೆಹಾಲು ಮಾತ್ರ. 14ನೇ ವಾರದ ಲಸಿಕೆವರೆಗೆ ಎಲ್ಲವೂ ಆಗಿದೆ. ಅಡಿಕೆ ತೋಟದ ನಡುವೆ ಕೆಂಪುಕಲ್ಲಿನ ಬಾಡಿಗೆ ಮನೆ ಸಿಕ್ಕಿದೆ, ಸ್ವಂತ ಬಾವಿ ಇದೆ. ಜೂನ್ ಮೊದಲ ವಾರ ಹೊರಡಬೇಕೆಂದಿದ್ದೇವೆ. ‘ಅಲ್ಲಿಯ ನೀರು ಕೂಸಿಗೆ ಒಗ್ಗುವುದಿಲ್ಲ, ಮಳೆ ಬೇರೆ’ ಎಂದು ಅತ್ತೆ ಹೆದರಿಸುತ್ತಿದ್ದಾರೆ. ನಮಗೆ ಮಲಯಾಳಂ ಬರುವುದಿಲ್ಲ. ಏನೇನು ತಯಾರಿ ಬೇಕು?

ಉತ್ತರ: ಹೋಗಿ, ಹೆದರಬೇಕಿಲ್ಲ. ಆದರೆ ಜೂನ್ ಮೊದಲ ವಾರ ಮಾತ್ರ ಬೇಡ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಬೇಸಿಗೆಯಿಡೀ ಅಂಗಳ, ತೋಟ, ಕೊಟ್ಟಿಗೆಗಳಲ್ಲಿ ಬಿದ್ದ ಕೊಳೆಯೆಲ್ಲ ಮೊದಲ ಎರಡು ವಾರದ ಮಳೆಗೆ ತೊಳೆದು ಬಾವಿಯತ್ತ ಹರಿಯುತ್ತದೆ. ವರ್ಷದಲ್ಲಿ ಬಾವಿ ನೀರು ಅತಿ ಕೆಡುವ ಹೊತ್ತು ಅದೇ. ಮೇ 25ರ ಆಸುಪಾಸಿಗೆ ಹೊರಟುಬಿಡಿ, ಇಲ್ಲವೇ ಜೂನ್ 20 ಕಳೆಯಲಿ. ಯಾವಾಗ ಹೊರಟರೂ ನಿಮ್ಮ ಯಜಮಾನರು ಹತ್ತು ದಿನ ಮುಂಚೆ ಒಬ್ಬರೇ ಹೋಗಲಿ. ಪಾತ್ರೆ ಜೋಡಿಸುವುದು, ಗ್ಯಾಸ್ ಸಂಪರ್ಕ ಪಡೆಯುವುದು ನೀವು ಹೋದ ಮೇಲೂ ಆದೀತು. ಅವರು ಮುಂಚಿತವಾಗಿ ನೋಡಬೇಕಾದದ್ದು ಬಾವಿ, ಗೋಡೆ ಮತ್ತು ಆಶಾ ಕಾರ್ಯಕರ್ತೆಯ ಫೋನ್ ನಂಬರು.

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟರೆ ಕೂಸಿಗೆ ಒಂದು ಚಮಚ ನೀರೂ ಬೇಕಿಲ್ಲ, ಸೆಕೆಯಲ್ಲೂ ಬೇಕಿಲ್ಲ. ನೀರನ್ನೇ ಕುಡಿಯದ ಕೂಸಿಗೆ ನೀರು ಒಗ್ಗದಿರುವುದು ಹೇಗೆ? ಆದರೂ ಊರು ಬದಲಿಸಿದ ಮಕ್ಕಳಿಗೆ ಭೇದಿ ಆಗುವುದನ್ನು ನೋಡುತ್ತೇವೆ. ನೀರು ಹಿಂಬಾಗಿಲಿನಿಂದ ಬಂದಿರುತ್ತದೆ: ಪ್ರಯಾಣದಲ್ಲಿ ಹಾಲು ಸಾಲದೆಂದು ಕೊಟ್ಟ ಬಾಟಲಿ, ಅದನ್ನು ತೊಳೆದ ನೀರು, ಹೊಟ್ಟೆನೋವಿಗೆಂದು ತೇದ ಗುಟ್ಟಿ ಅಥವಾ ಬಜೆ, ಅಲ್ಲಿಯವರು ಪ್ರೀತಿಯಿಂದ ಕೊಡುವ ಜೀರಿಗೆ ನೀರು, ತಾಯಿಯ ಕೈ. ಈ ಬಾಗಿಲುಗಳನ್ನು ಮುಚ್ಚಿದರೆ ಅತ್ತೆಯವರ ಭಯದ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಆದರೆ ನೀವು ಕುಡಿಯುವ ನೀರು ಕುದಿಸಿದ್ದೇ ಇರಲಿ. ಕೇರಳದಲ್ಲಿ ಕಾಮಾಲೆ ಮಳೆಗಾಲದ ಖಾಯಂ ಅತಿಥಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಬಿಸಿ ಆರಲೆಂದು ಅದಕ್ಕೆ ತಣ್ಣೀರು ಬೆರೆಸಿದರೆ ಕುದಿಸಿದ ಶ್ರಮವೆಲ್ಲ ವ್ಯರ್ಥ. ಹೋಟೆಲು, ಮದುವೆಮನೆಗಳಲ್ಲಿ ಗುಲಾಬಿ ಬಣ್ಣದ ನೀರು ಕೊಡುತ್ತಾರಲ್ಲ, ಅದು ಪತಂಗ ಎಂಬ ಮರದ ಚಕ್ಕೆಯ ಬಣ್ಣ. ಬಣ್ಣವಿದ್ದ ಮಾತ್ರಕ್ಕೆ ಕುದಿಸಿದ್ದಾರೆಂದು ತಿಳಿಯಬೇಡಿ.

ಈಗ ಬಾವಿ. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎನ್ನುತ್ತಾರೆ. ಇಲ್ಲಿ ಊರಿಗೆ ಬರುವ ಮುಂಚೆಯೇ ನೀರು ನೋಡಬೇಕು. ಮೊದಲು ಬಾವಿಗೂ ಶೌಚದ ಗುಂಡಿಗೂ ಎಷ್ಟು ದೂರವಿದೆ ಎಂದು ಟೇಪು ಹಿಡಿದು ಅಳೆಯಲಿ. ಕೇರಳದ ಕಟ್ಟಡ ನಿಯಮ ಕೇಳುವುದು ಕನಿಷ್ಠ ಏಳೂವರೆ ಮೀಟರ್. ಮುರಕಲ್ಲಿನ (ಅಂದರೆ ಕೆಂಪುಕಲ್ಲಿನ) ನೆಲ ತೂತುತೂತು, ಕೊಳೆ ನೀರು ಅದರಲ್ಲಿ ಬೇಗ ಸಾಗುತ್ತದೆ. ಹಾಗಾಗಿ ಅಳತೆ ಸರಿಯಿದ್ದರೂ ಕ್ಲೋರಿನ್ ಹಾಕುವುದನ್ನು ಬಿಡುವಂತಿಲ್ಲ. ಪಕ್ಕದ ಮನೆಯ ಗುಂಡಿಯ ದೂರವನ್ನೂ ಅಳೆಯಲಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಬ್ಲೀಚಿಂಗ್ ಪೌಡರ್ ಲೆಕ್ಕ ಹೀಗೆ. ಬಾವಿಯ ಅಡ್ಡಗಲ ಮತ್ತು ನೀರಿನ ಆಳವನ್ನು ಮೀಟರ್‌ನಲ್ಲಿ ಅಳೆಯಿರಿ. ಅಡ್ಡಗಲವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಮಾಮೂಲಿ ಪ್ರಮಾಣ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಹೊಸದಾಗಿ ಹೋಗುವಾಗ ಮತ್ತು ಬಾವಿಗೆ ಕೆಂಪುನೀರು ನುಗ್ಗಿದಾಗ ಅದರ ಇಮ್ಮಡಿ, ಅಂದರೆ ಐದು ಗ್ರಾಂ. ನಮ್ಮ ಲೆಕ್ಕದ ಬಾವಿಗೆ ಮೊದಲ ಸಲ 47 ಗ್ರಾಂ, ಆಮೇಲೆ ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ 24 ಗ್ರಾಂ. ಚಮಚದ ಅಂದಾಜು ಬೇಡ, ತಕ್ಕಡಿ ಬಳಸಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಪುಡಿಗೆ ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕಲಕಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ನೀರಿನೊಳಗೆ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ. ಒಂದು ಗಂಟೆ ಕಳೆದರೆ ಬಳಸಬಹುದು. ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ವಾಸನೆಯ ತಕರಾರೂ ಇರುವುದಿಲ್ಲ.

ಜನ ಎಡವುವುದು ಮೂರು ಕಡೆ. ಜೂನ್‌ನಲ್ಲಿ ಮೂರು ಮೀಟರ್ ಇದ್ದ ನೀರು ಜುಲೈಗೆ ಆರು ಮೀಟರ್ ಆಗಿರುತ್ತದೆ, ಪುಡಿ ಮಾತ್ರ ಹಳೆಯ ಅಳತೆಯದೇ. ಎರಡನೆಯದು, ತೆರೆದಿಟ್ಟ ಪೊಟ್ಟಣ: ತೇವಕ್ಕೆ ಅದರ ಶಕ್ತಿ ಇಳಿಯುತ್ತದೆ. ಮೂಗಿಗೆ ಘಾಟು ಬಡಿಯದ ಪುಡಿ ಸುಣ್ಣಕ್ಕೆ ಸಮ. ಮೂರನೆಯದು ಮೇಲಿನ ಟ್ಯಾಂಕು. ಅದನ್ನು ಉಜ್ಜಿ ತೊಳೆಯದೆ ಬಾವಿಗೆ ಎಷ್ಟು ಹಾಕಿದರೂ ನಲ್ಲಿಯಲ್ಲಿ ಬರುವುದು ಟ್ಯಾಂಕಿನ ಪಾಚಿಯೇ. ಟ್ಯಾಂಕು ತೊಳೆದು, ಕ್ಲೋರಿನ್ ನೀರು ಏರಿಸಿ, ಮನೆಯ ಪ್ರತಿ ನಲ್ಲಿಯನ್ನೂ ವಾಸನೆ ಬರುವವರೆಗೆ ಬಿಡಿ. ಅನುಮಾನವಿದ್ದರೆ ಕೇರಳ ಜಲ ಪ್ರಾಧಿಕಾರದ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿಯಲ್ಲಿ ನೀರು ಹಿಡಿದು ಅದೇ ದಿನ ತಲುಪಿಸಬೇಕು. ಕ್ಲೋರಿನ್ ಹಾಕುವ ಮೊದಲು ಹಿಡಿದರೇ ಬಾವಿಯ ನಿಜಸ್ಥಿತಿ ತಿಳಿಯುವುದು.

ಕುಡಿಯದ ನೀರು ಕೂಸಿನೊಳಗೆ ಹೋಗುವ ಇನ್ನೊಂದು ದಾರಿ ಮೂಗು. ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಅಮೀಬಾ ಮಿದುಳು ಜ್ವರ ನೀರು ಕುಡಿದರೆ ಬರುವುದಿಲ್ಲ, ನೀರು ಮೂಗಿನೊಳಗೆ ನುಗ್ಗಿದರೆ ಬರುತ್ತದೆ. ಬಹಳ ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಕಾಲಿನ ಮೇಲೆ ಬೋರಲು, ಅಂಗಾತ ಹಾಕಿಕೊಂಡು ತಲೆಯ ಮೇಲಿಂದ ತಂಬಿಗೆಗಟ್ಟಲೆ ಸುರಿಯುವ ನಮ್ಮ ಎರೆಯುವ ಪದ್ಧತಿಯಲ್ಲಿ ಮೂಗಿಗೆ ನೀರು ಹೋಗದೇ ಇರುವುದಿಲ್ಲ. ಕಾಲಿನ ಮೇಲೆ ಎರೆಯುವುದನ್ನು ಬಿಡಬೇಕಿಲ್ಲ. ತಲೆಗೆ ಹಾಕುವಾಗ ಒಂದು ಅಂಗೈಯನ್ನು ಹುಬ್ಬಿನ ಮೇಲೆ ಛಾವಣಿಯಂತೆ ಅಡ್ಡ ಹಿಡಿದು ಹಿಂದಕ್ಕೆ ಸುರಿಯಿರಿ, ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗಿಗೆ ಎಣ್ಣೆ ಬಿಡುವುದು, ಊದುವುದು ಬೇಡ. ಹಂಡೆಯ ಬಿಸಿನೀರಿಗೆ ನಲ್ಲಿಯ ಹಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡುತ್ತೇವಲ್ಲ, ಈ ಅಮೀಬಾ ಆ ಬಿಸಿಗೆ ಸಾಯುವುದಿಲ್ಲ, ಅದಕ್ಕೆ ಬೆಚ್ಚನೆಯ ನೀರೇ ಇಷ್ಟ. ಬಾವಿಗೆ ಕ್ಲೋರಿನ್ ಹಾಕಿರಬೇಕು, ಇಲ್ಲವೇ ಇಡೀ ನೀರನ್ನು ಕುದಿಸಿ ಆರಿಸಬೇಕು. ಕೆರೆ, ದೇವಸ್ಥಾನದ ಕೊಳ, ತೋಡಿನ (ಸಣ್ಣ ಹಳ್ಳದ) ಸ್ನಾನ ಬೇಡವೇ ಬೇಡ.

ಸ್ನಾನದ ವಿಷಯದಲ್ಲೇ ಇನ್ನೊಂದು ಸಣ್ಣ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ನಿಮ್ಮೂರಿನದು ಗಡಸು ನೀರು, ಸಾಬೂನು ನೊರೆಯೇ ಬರುವುದಿಲ್ಲ. ಮುರಕಲ್ಲಿನ ಬಾವಿಯದು ಮೃದು ನೀರು, ಸ್ವಲ್ಪ ಹುಳಿ ಗುಣದ್ದು. ಅದೇ ಅಳತೆಯ ಸಾಬೂನು ಹಚ್ಚಿದರೆ ಎಷ್ಟು ತೊಳೆದರೂ ಜಾರುತ್ತದೆ. ಉಳಿದ ಸಾಬೂನು ತೊಡೆಸಂದಿ, ಕುತ್ತಿಗೆಯ ಮಡಿಕೆಗಳಲ್ಲಿ ಉರಿ ಎಬ್ಬಿಸುತ್ತದೆ. ಬಟಾಣಿ ಕಾಳಿನಷ್ಟು ಸಾಬೂನು ಸಾಕು.

ತೇವ ನಿಮಗೆ ಅತಿ ಹೊಸದು. ವಿಜಯಪುರದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಕಾಸರಗೋಡಿನಲ್ಲಿ 3,000 ಮಿ.ಮೀ. ದಾಟುತ್ತದೆ. ಊರಲ್ಲಿ ತಾಸೆರಡು ತಾಸಿನಲ್ಲಿ ಒಣಗುವ ಲಂಗೋಟಿ ಅಲ್ಲಿ ಜುಲೈನಲ್ಲಿ ಎರಡು ದಿನವಾದರೂ ತಣ್ಣಗೇ ಇರುತ್ತದೆ. ದಿನಕ್ಕೆ ಹತ್ತು ಬಟ್ಟೆ ಬೇಕಾದರೆ ಮೂವತ್ತೈದು ಇಟ್ಟುಕೊಳ್ಳಿ. ಹಳೆಯ ಮೆತ್ತನೆ ಹತ್ತಿ ಸೀರೆ, ಧೋತರಗಳನ್ನು ಊರಿಂದಲೇ ಹರಿದು ತನ್ನಿ. ಒಣಗಿತು ಅನಿಸಿದ ಬಟ್ಟೆಯ ಮೇಲೂ ಇಸ್ತ್ರಿ ಆಡಿಸಿದ ಮೇಲೆಯೇ ಕೂಸಿಗೆ ಕಟ್ಟಿ. ಸೌದೆ ಒಲೆಯ ಮೇಲೆ ಒಣಗಿಸುವ ರೂಢಿ ಅಲ್ಲಿದೆ, ಆದರೆ ಹೊಗೆ ಹೀರಿದ ಬಟ್ಟೆ ಮಗುವಿಗೆ ಬೇಡ. ಕುತ್ತಿಗೆಯ ಮಡಿಕೆಯನ್ನು ದಿನಕ್ಕೆ ಎರಡು ಸಲ ಬಿಡಿಸಿ ಒತ್ತಿ ಒರೆಸಿ. ಪೌಡರ್ ಬೇಡ: ತೇವಕ್ಕೆ ಅದು ಕೆಸರಾಗುತ್ತದೆ, ಹಾರಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಸಣ್ಣ ಕೆಂಪು ಗುಳ್ಳೆ ಬರೀ ಬೆವರುಸಾಲೆ, ಗಾಳಿಯಾಡಿದರೆ ಹೋಗುತ್ತದೆ. ಮಡಿಕೆಯ ಒಳಗೆ ಹೊಳೆಯುವ ಕೆಂಪು, ಸುತ್ತ ಚುಕ್ಕೆ ಚುಕ್ಕೆ ಇದ್ದರೆ ಅದು ಶಿಲೀಂಧ್ರ. ಅದಕ್ಕೆ ಎಣ್ಣೆ ಹಚ್ಚಿದಷ್ಟೂ ಹಬ್ಬುತ್ತದೆ, ವೈದ್ಯರಿಂದ ಮುಲಾಮು ಬರೆಸಿಕೊಳ್ಳಿ.

ಮೇ ತಿಂಗಳಲ್ಲಿ ನೋಡಿದ ಮನೆ ಸುಳ್ಳು ಹೇಳುತ್ತದೆ. ಬಿಳಿ ಉಪ್ಪಿನ ಗೆರೆ, ಮೊಣಕಾಲೆತ್ತರದವರೆಗೆ ಎದ್ದ ಬಣ್ಣ, ಹೊಸದಾಗಿ ಸುಣ್ಣ ಬಳಿದ ಒಂದೇ ಒಂದು ಗೋಡೆ ಕಂಡರೆ ಅಲ್ಲಿ ಮಳೆಗಾಲದಲ್ಲಿ ನೀರು ಒಸರುತ್ತದೆ. ಮುಂಗಾರು ಗಾಳಿ ಹೊಡೆಯುವುದು ಪಡುವಣದಿಂದ, ಆದ್ದರಿಂದ ತೊಟ್ಟಿಲು ಪಶ್ಚಿಮದ ಗೋಡೆಯಿಂದ ದೂರವಿರಲಿ.

ಸೊಳ್ಳೆಯ ಮಾತು ಬಂದರೆ, ಅಡಿಕೆ ತೋಟದ ಮನೆಯಲ್ಲಿ ಶತ್ರು ಕಾಲಡಿಯಲ್ಲೇ ಇರುತ್ತದೆ: ಉದುರಿದ ಹಾಳೆ, ಅಂದರೆ ಅಡಿಕೆ ಗರಿಯ ಅಗಲವಾದ ಬುಡ. ದೋಣಿಯಂತಿರುವ ಒಂದೊಂದು ಹಾಳೆಯಲ್ಲೂ ಬೊಗಸೆ ನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ಕವುಚಿದರೆ ಸಾಕು, ಕೇರಳದಲ್ಲಿ ಮನೆಗಳಲ್ಲಿ ನಿಂತ ನೀರು ಚೆಲ್ಲುವ ‘ಡ್ರೈ ಡೇ’ ಭಾನುವಾರ. ಹಾಳೆ, ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ, ಹತ್ತಿರ ರಬ್ಬರ್ ಇದ್ದರೆ ಹಾಲು ಹಿಡಿಯುವ ಚಿಪ್ಪುಗಳು. ಈ ಸೊಳ್ಳೆ ಹಗಲು ಕಚ್ಚುತ್ತದೆ, ಹಗಲು ನಿದ್ದೆಗೂ ಪರದೆ ಬೇಕು. ಕಾಯಿಲ್ ಹಚ್ಚಬೇಡಿ.

ತೋಟದ ಇನ್ನೊಂದು ಸಂಗತಿ ಬೋರ್ಡೋ ಸಿಂಪಡಣೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರಿಗೆ ಕಲಸಿ, ಮಳೆಗೆ ಸ್ವಲ್ಪ ಮೊದಲು ಒಮ್ಮೆ, ಒಂದೂವರೆ ತಿಂಗಳು ಬಿಟ್ಟು ಮತ್ತೊಮ್ಮೆ ಗೊನೆಗಳಿಗೆ ಹೊಡೆಯುತ್ತಾರೆ. ಹನಿ ಕೆಳಗೆಲ್ಲ ಬೀಳುತ್ತದೆ. ಯಾವ ದಿನವೆಂದು ಮಾಲೀಕರನ್ನು ಮೊದಲೇ ಕೇಳಿ, ಅಂದು ಬಾವಿಗೆ ಟಾರ್ಪಾಲು ಮುಚ್ಚಿಸಿ, ಕೂಸಿನ ಬಟ್ಟೆ ಒಳಗೆ ತಂದು ಕಿಟಕಿ ಹಾಕಿ. ಕಾಸರಗೋಡು ಎಂದೊಡನೆ ಎಂಡೋಸಲ್ಫಾನ್ ಕೀಟನಾಶಕದ ದುರಂತ ನೆನಪಾಗುವುದು ಸಹಜ. ಗೇರು ತೋಟಗಳ ಮೇಲಿನ ವೈಮಾನಿಕ ಸಿಂಪಡಣೆ 2000ದ ಕೊನೆಗೇ ನಿಂತಿದೆ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಔಷಧವನ್ನೇ ದೇಶದಲ್ಲಿ ತಡೆಯಿತು. ನೀವು ಮನೆ ಬೇಡವೆನ್ನಲು ಅದು ಕಾರಣವಲ್ಲ.

ಪ್ರಯಾಣಕ್ಕೆ ರೈಲೇ ಉತ್ತಮ. ವಿಜಯಪುರದಿಂದ ಮಂಗಳೂರಿಗೆ ನೇರ ರೈಲಿದೆ, ಅಲ್ಲಿಂದ ತಲಪಾಡಿ, ಕುಂಬಳೆ ಮಾರ್ಗವಾಗಿ ಕಾರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟವನ್ನು ರೈಲು ನಿಧಾನಕ್ಕೆ ಇಳಿಯುವುದರಿಂದ ಕಿವಿನೋವಿನ ಚಿಂತೆ ಕಡಿಮೆ, ಆ ಹೊತ್ತಿಗೆ ಹಾಲು ಕುಡಿಸುತ್ತಿದ್ದರೆ ಅದೂ ಇರದು. ಜುಲೈ ಬೇಡ: 2024ರ ಜುಲೈ ಕೊನೆಗೆ ಇದೇ ಘಟ್ಟದಲ್ಲಿ ಗುಡ್ಡ ಕುಸಿದು ರೈಲುಗಳು ದಿನಗಟ್ಟಲೆ ನಿಂತಿದ್ದವು. ಕಿರಿದಾದ ಬರ್ತಿನಲ್ಲಿ ಕೂಸಿನ ಜೊತೆ ಇಬ್ಬರೂ ನಿದ್ದೆ ಹೋಗಬಾರದು, ಸರದಿಯ ಮೇಲೆ ಎಚ್ಚರವಿರಿ. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಎತ್ತಿಕೊಂಡು ಕೂರಬೇಡಿ. ಹಿಂದೆ, ಹಿಮ್ಮುಖವಾಗಿ ಕೂರಿಸುವ ಮಗುವಿನ ಸೀಟು ಇದ್ದರೆ ಉತ್ತಮ.

ಕಾಗದಪತ್ರಗಳಲ್ಲಿ ಎರಡು ಮುಖ್ಯ. ತಾಯಿ ಕಾರ್ಡಿನ ಲಸಿಕೆ ಪುಟದ ಫೋಟೊ ತೆಗೆದಿಡಿ, ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಯಾವ ಮೊಬೈಲ್ ನಂಬರಿಗೆ ಮಗುವಿನ ಹೆಸರಿದೆ ಎಂದು ಹೊರಡುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ದಾಖಲೆ ಸಿಕ್ಕರೆ ಬೇರೆ ರಾಜ್ಯದಲ್ಲೂ ಮುಂದುವರಿಸುತ್ತಾರೆ. ಒಂದು ಡೋಸು ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಕರ್ನಾಟಕದ ಗುರುವಾರದ ಲಸಿಕೆ ಅಲ್ಲಿ ಬುಧವಾರ. ನಿಮ್ಮ ಮುಂದಿನದು ಒಂಬತ್ತು ತಿಂಗಳಿಗೆ: ದಡಾರ-ರುಬೆಲ್ಲಾ ಮೊದಲ ಡೋಸು, ನ್ಯುಮೋಕಾಕಲ್ ಬೂಸ್ಟರು, ಪೋಲಿಯೊ ಚುಚ್ಚುಮದ್ದಿನ ಮೂರನೆಯದು, ಒಂದು ಲಕ್ಷ ಯೂನಿಟ್ ವಿಟಮಿನ್ ಎ. ಜಪಾನಿ ಮಿದುಳು ಜ್ವರದ ಲಸಿಕೆಯನ್ನು ಸರ್ಕಾರ ಕೆಲವೇ ಜಿಲ್ಲೆಗಳಲ್ಲಿ ಕೊಡುತ್ತದೆ. ತವರಿಗೆ ಬಂದಾಗ ಅದನ್ನು ಹಾಕಿಸಿದ್ದರೆ, ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದನ್ನು ನೀವೇ ನೆನಪಿಟ್ಟು ಕೇಳಬೇಕು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇನ್ನೂ ಖಾಲಿ ಇದ್ದರೆ ಈಗಲೇ ಸೇರಿಸಿ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲ, ಆದರೆ ಅದು ಹುಟ್ಟಿದೂರಿನ ಕಚೇರಿಯಲ್ಲೇ ಆಗಬೇಕು.

ಬದಿಯಡ್ಕದಲ್ಲಿ ಅಂಗಡಿ, ಆಟೊ, ನೆರೆಮನೆಗೆ ಕನ್ನಡ ಸಾಕು, ತುಳು ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೆ ಆಸ್ಪತ್ರೆಗಳಲ್ಲಿ ಕೇರಳದ ತೆಂಕಣ ಜಿಲ್ಲೆಗಳಿಂದ ಬಂದ ಸಿಬ್ಬಂದಿಯೂ ಇರುತ್ತಾರೆ. ನರ್ಸ್ ‘ಪನಿ ಉಂಡೋ?’ ಎಂದರೆ ವಿಜಯಪುರದ ಕಿವಿಗೆ ‘ಪಾನಿ’ ಕುಡಿಯಿತೇ, ಉಂಡಿತೇ ಎಂದು ಕೇಳಿಸಿ ನೀವು ಹೂಂ ಅಂದುಬಿಡಬಹುದು. ಅವರು ಕೇಳಿದ್ದು ಜ್ವರ ಇದೆಯೇ ಎಂದು. ಚುಮ ಎಂದರೆ ಕೆಮ್ಮು, ವಯರಿಳಕ್ಕಂ ಭೇದಿ, ಛರ್ದಿ ವಾಂತಿ, ಶ್ವಾಸಂಮುಟ್ಟ್ ಉಸಿರಾಟದ ತೊಂದರೆ, ಕುತ್ತಿವೆಪ್ಪ್ ಲಸಿಕೆ, ತುಳ್ಳಿ ಹನಿ.

ಈ ‘ಹನಿ’ಯಲ್ಲೇ ದೊಡ್ಡ ಅಪಾಯವಿದೆ. ಪ್ಯಾರಾಸಿಟಮಾಲ್ ಮಕ್ಕಳಿಗೆ ಮೂರು ಸಾಂದ್ರತೆಗಳಲ್ಲಿ ಸಿಗುತ್ತದೆ. ಪ್ರಮಾಣ ಕಿಲೋಗೆ 15 ಮಿ.ಗ್ರಾಂ, ನಿಮ್ಮ ಕೂಸಿಗೆ ಒಂದು ಸಲಕ್ಕೆ ಸುಮಾರು 97. ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ ಅದು ಒಂದು ಮಿ.ಲೀ.ಗೂ ತುಸು ಕಡಿಮೆ. ಐದು ಮಿ.ಲೀ.ಗೆ 120 ಇರುವ ಸಿರಪ್ ಆದರೆ ನಾಲ್ಕು, 250 ಇರುವುದಾದರೆ ಎರಡಕ್ಕೂ ಕಡಿಮೆ. ಊರಿನ ಸಿರಪ್‌ನ ‘ನಾಲ್ಕು ಮಿ.ಲೀ.’ ಅಭ್ಯಾಸದಲ್ಲಿ ಹೊಸ ಅಂಗಡಿಯ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಹೋಯಿತು. ಚೀಟಿಯ ಮೇಲೆ ಮಿ.ಲೀ. ಜೊತೆ ಸಾಂದ್ರತೆಯನ್ನೂ ಬರೆಸಿಕೊಳ್ಳಿ, ಊರಿನ ಬಾಟಲಿಯನ್ನು ಊರಲ್ಲೇ ಬಿಡಿ. ಆರು ಗಂಟೆಗೆ ಮುಂಚೆ ಮತ್ತೆ ಕೊಡಬಾರದು.

ಭೇದಿಗೆ ಎದೆಹಾಲು ನಿಲ್ಲಿಸದೆ ಓಆರ್‌ಎಸ್ ಕೊಡಿ. ಲೀಟರಿನ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹೋಗಬೇಕು, ಲೋಟಕ್ಕೆ ಚೂರು ಅಲ್ಲ. ಪ್ರತಿ ಭೇದಿಗೆ 50ರಿಂದ 100 ಮಿ.ಲೀ., ಚಮಚದಲ್ಲಿ. ಆರು ತಿಂಗಳೊಳಗೆ ಸತುವಿನ ಔಷಧ ದಿನಕ್ಕೆ 10 ಮಿ.ಗ್ರಾಂ, 14 ದಿನ. ಭೇದಿ ನಿಂತರೂ ಪೂರ್ತಿ ಮಾಡಿ. ಕೂಸು ಅಳದೆ ಮಲಗಿದಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಇಬ್ಬರೂ ಕಲಿಯಿರಿ. 50 ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಸೆಳೆದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಸೆಳೆತ ಬಂದರೆ ಬೆಳಗಾಗಲೆಂದು ಕಾಯಬೇಡಿ. ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ ಇದೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ. ಮಂಗಳೂರಿನ ವೆನ್ಲಾಕ್‌ನಲ್ಲಿ ಮಕ್ಕಳ ವಿಶೇಷ ವಿಭಾಗವಿದೆ. 108ಕ್ಕೆ ಕರೆ ಮಾಡಿದಾಗ ಮೊದಲ ಮಾತೇ ‘ಕೇರಳ, ಕಾಸರಗೋಡು ಜಿಲ್ಲೆ’ ಎಂದಿರಲಿ, ಆಮೇಲೆ ಪಂಚಾಯತ್, ಬಸ್‌ಸ್ಟಾಪಿನ ಹೆಸರು. ರಾತ್ರಿ ಬರುವ ಒಬ್ಬ ಆಟೊ ಚಾಲಕರ ನಂಬರನ್ನು ಗೋಡೆಗೇ ಬರೆದುಬಿಡಿ.

ಜುಲೈಗೆ ಆರು ತಿಂಗಳು ತುಂಬಿ ಊಟ ಶುರುವಾಗುತ್ತದೆ, ಸರಿಯಾಗಿ ಮಳೆಯ ನಡುವೆ. ರಾಗಿಯನ್ನು ಅಲ್ಲಿ ಮುತ್ತಾರಿ ಎಂದು ಕೇಳಿ. ಕುಸುಬಲಕ್ಕಿ ಗಂಜಿಯ ತಿಳಿಯಲ್ಲಿ ಸತ್ವವಿಲ್ಲ, ಅಗುಳು ಅರೆದು ಚಮಚ ವಾಲಿಸಿದರೂ ಜಾರದಷ್ಟು ಗಟ್ಟಿ ಮಾಡಿ. ಎರಡು ಮೂರು ಚಮಚದಿಂದ ದಿನಕ್ಕೆ ಎರಡು ಸಲ ಆರಂಭಿಸಿ. ವರ್ಷದವರೆಗೆ ಉಪ್ಪು, ಸಕ್ಕರೆ, ಜೇನು ಬೇಡ. ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ‘ಅಮೃತಂ ನ್ಯೂಟ್ರಿಮಿಕ್ಸ್’ ಪೊಟ್ಟಣ ಸಿಗುತ್ತದೆ. ಅದನ್ನು ರೂಪಿಸಿದ್ದು ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ತಯಾರಿಸುವುದು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಜಾಲದ ಘಟಕಗಳು. ಗೋಧಿ, ಕಡಲೆ, ಸೋಯಾ, ಶೇಂಗಾ ಇರುವ ಒಳ್ಳೆಯ ಪುಡಿ, ಸಕ್ಕರೆಯೂ ಇದೆ. ಹಾಗಾಗಿ ಮೊದಲ ತುತ್ತು ಅದಾಗದಿರಲಿ. ಎರಡು ವಾರ ರಾಗಿ, ಅನ್ನ ಒಗ್ಗಿದ ಮೇಲೆ ಒಂದು ಬೆಳಿಗ್ಗೆ ಬೇಯಿಸಿ ಅರ್ಧ ಚಮಚ ಕೊಟ್ಟು ಎರಡು ಗಂಟೆ ದದ್ದು, ವಾಂತಿ ನೋಡಿ. ಪೊಟ್ಟಣ ಒಡೆದ ಕೂಡಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒಣ ಚಮಚ ಮಾತ್ರ ಇಳಿಸಿ. ಮುಗ್ಗಲು ವಾಸನೆ ಬಂದರೆ ಹುರಿದು ಸರಿಮಾಡಲು ಹೋಗದೆ ಇಡೀ ಪುಡಿಯನ್ನು ಎಸೆಯಿರಿ. ಶೇಂಗಾದ ಬೂಷ್ಟಿನ ವಿಷ ಹುರಿದರೆ ಹೋಗುವಂಥದ್ದಲ್ಲ.